ಮನೆಪಾಠದ ಖರ್ಚು ಗಂಟೆಯ ದರದಲ್ಲಿ ಇಲ್ಲ

ಮಗುವಿಗೆ ಮನೆಪಾಠ ಹೇಳಿಸಬೇಕೆಂದು ತೀರ್ಮಾನಿಸಿದ ತಂದೆತಾಯಿಯರು ಮೊದಲು ಕೇಳುವ ಪ್ರಶ್ನೆ, ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂಬುದು. ಕೈಯಿಂದ ಹಣ ಕೊಡಬೇಕಾದವರು ಅದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಒಂದು ಅಂಕಿಯಿಂದ ಮನೆಪಾಠದ ನಿಜವಾದ ವೆಚ್ಚ ತಿಳಿಯುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕೆಲವು ವರ್ಷ ಮನೆಪಾಠವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡಿದ್ದ ನಾನು ಈಗ ನನ್ನ ಮಗಳಿಗೆ ಬೇರೊಬ್ಬರಿಂದ ಗಣಿತ ಹೇಳಿಸುತ್ತಿದ್ದೇನೆ. ಹಣ ಪಡೆಯುವ ಕಡೆಯಲ್ಲೂ ಕೊಡುವ ಕಡೆಯಲ್ಲೂ ಕುಳಿತು ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು: ಏನನ್ನು ಸರಿಪಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ಎರಡು ವಿಷಯಗಳು ಮೊದಲೇ ಗೊತ್ತಿಲ್ಲದೆ ಆರಂಭವಾದ ಮನೆಪಾಠ, ಅದರ ದರ ಎಷ್ಟೇ ಕಡಿಮೆಯಿದ್ದರೂ, ದುಬಾರಿಯೇ.

ಸರಳವಾದ ಲೆಕ್ಕವೊಂದನ್ನು ನೋಡೋಣ. ಒಬ್ಬ ಶಿಕ್ಷಕರು ಇನ್ನೊಬ್ಬರಿಗಿಂತ ಗಂಟೆಗೆ ಎರಡರಷ್ಟು ಹಣ ಕೇಳುತ್ತಾರೆ, ಆದರೆ ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ಮೊದಲ ವಾರದಲ್ಲೇ ಗುರುತಿಸಿ 3 ತಿಂಗಳಲ್ಲಿ ಅದನ್ನು ಸರಿಪಡಿಸಿ ಬೀಳ್ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಅಗ್ಗದ ದರದವರು ಶಾಲೆಯ ಮನೆಗೆಲಸವನ್ನು ಜೊತೆಯಲ್ಲಿ ಕುಳಿತು ಮುಗಿಸಿಕೊಡುತ್ತಾ ವರ್ಷದ 10 ತಿಂಗಳೂ ಬರುತ್ತಾರೆ. ಅಗ್ಗದವರ ಒಂದು ತಿಂಗಳ ಹಣವನ್ನು ಒಂದು ಪಾಲು ಎಂದುಕೊಂಡರೆ, ಮೊದಲನೆಯವರಿಗೆ ನೀವು ಕೊಟ್ಟಿದ್ದು 6 ಪಾಲು, ಎರಡನೆಯವರಿಗೆ 10 ಪಾಲು. ಮೇಲಾಗಿ ಮುಂದಿನ ವರ್ಷ ಎರಡನೆಯವರು ಮತ್ತೆ ಬೇಕಾಗುತ್ತಾರೆ. ದರ ಕಡಿಮೆ ಮಾಡಿಸಿಕೊಂಡೆವೆಂಬ ಸಮಾಧಾನದಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ದುಬಾರಿ ಶಿಕ್ಷಕರೆಲ್ಲ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ದರಕ್ಕೂ ಗುಣಕ್ಕೂ ಇರುವ ನಂಟು ಬಹಳ ಸಡಿಲವಾದದ್ದು, ಪರೀಕ್ಷೆಯ ತಿಂಗಳುಗಳಲ್ಲಿ ಬೇಡಿಕೆ ಹೆಚ್ಚಿತೆಂಬ ಒಂದೇ ಕಾರಣಕ್ಕೆ ಅದೇ ಶಿಕ್ಷಕರ ಅದೇ ಪಾಠದ ಬೆಲೆ ಏರುವುದುಂಟು.

ಗಂಟೆಯ ದರವೆಂದು ನಾವು ಕರೆಯುವುದರೊಳಗೆ ಏನೇನಿದೆ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಚೌಕಾಸಿ ಮಾಡುವವರಿಗೆ ಇದು ಕಾಣುವುದಿಲ್ಲ. ಮನೆಗೆ ಬಂದು ಪಾಠ ಹೇಳುವವರು ಒಂದು ಗಂಟೆಯ ಪಾಠಕ್ಕಾಗಿ ಹೋಗಿಬರುವ ಹೊತ್ತನ್ನು, ಮಗುವಿನ ಪುಸ್ತಕ ನೋಡಿ ಮರುದಿನಕ್ಕೆ ಲೆಕ್ಕಗಳನ್ನು ಆಯ್ದಿಡುವ ಹೊತ್ತನ್ನು ಸೇರಿಸಿದರೆ ಎರಡು ಗಂಟೆಯ ಹತ್ತಿರ ದುಡಿದಿರುತ್ತಾರೆ. ಮಕ್ಕಳು ಶಾಲೆಯಿಂದ ಬಂದ ನಂತರದ ಸಂಜೆಯ ಕೆಲವೇ ಗಂಟೆಗಳಲ್ಲಿ ಮಾತ್ರ ಅವರಿಗೆ ಸಂಪಾದನೆ; ಬೆಳಗಿನ ಹೊತ್ತೆಲ್ಲ ಖಾಲಿ, ರಜೆಯ ತಿಂಗಳು ಪೂರ್ತಿ ಖಾಲಿ. ಮಗುವಿಗೆ ಜ್ವರ ಬಂದ ದಿನ, ನೆಂಟರು ಬಂದ ದಿನ ಪಾಠ ರದ್ದಾದರೆ ಆ ದಿನದ ಕೂಲಿಯೂ ರದ್ದು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ದರದ ಬಗ್ಗೆ ನನಗೆ ಅಷ್ಟೇನೂ ಬೇಸರವಿರಲಿಲ್ಲ. ಮನೆಯ ಬಾಗಿಲಿಗೆ ಹೋದ ಮೇಲೆ, ಇವತ್ತು ಪಾಠ ಬೇಡ ಅಂದುಕೊಂಡಿದ್ದೆವು, ಹೇಳುವುದು ಮರೆತೇಹೋಯಿತು ಎಂದು ನಗುತ್ತಾ ಹೇಳುವವರ ಬಗ್ಗೆ ಮಾತ್ರ ಇತ್ತು, ಈಗಲೂ ಇದೆ. ಸಂಸ್ಥೆಯೊಂದರ ಮೂಲಕ ಶಿಕ್ಷಕರನ್ನು ಗೊತ್ತುಮಾಡಿಕೊಂಡರೆ ನೀವು ಕೊಟ್ಟ ಹಣದಲ್ಲಿ ಒಂದು ಭಾಗ ಸಂಸ್ಥೆಗೆ ಹೋಗುತ್ತದೆ, ಪಾಠ ಹೇಳುವವರಿಗೆ ತಲುಪುವುದು ಉಳಿದದ್ದು. ಆದ್ದರಿಂದ ಎಷ್ಟು ಕೊಡುತ್ತೇವೆ ಎಂಬುದರ ಜೊತೆಗೆ, ಅದರಲ್ಲಿ ಪಾಠ ಹೇಳುವವರ ಕೈಗೆ ಎಷ್ಟು ಸೇರುತ್ತದೆ ಎಂದೂ ಕೇಳುವುದು ಒಳ್ಳೆಯದು. ಕಡಿಮೆ ಸಿಗುವವರು ಹೆಚ್ಚು ದಿನ ಉಳಿಯುವುದಿಲ್ಲ, ಶಿಕ್ಷಕರು ಬದಲಾದಾಗಲೆಲ್ಲ ಮಗುವನ್ನು ಅರ್ಥಮಾಡಿಕೊಳ್ಳುವ ಕೆಲಸ ಮೊದಲಿನಿಂದ ಆರಂಭವಾಗುತ್ತದೆ, ಅದರ ಖರ್ಚೂ ನಿಮ್ಮದೇ.

ಇನ್ನು ಆ ಹಣಕ್ಕೆ ಪ್ರತಿಯಾಗಿ ನಿಜವಾಗಿ ಏನು ಸಿಗಬೇಕು ಎಂಬ ಮಾತು. ಸಮೀಕರಣಗಳು ತಲೆಗೆ ಹತ್ತುವುದೇ ಇಲ್ಲ ಎಂಬ ದೂರಿನೊಂದಿಗೆ ನನ್ನ ಬಳಿ ಬರುತ್ತಿದ್ದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಸಮೀಕರಣದ ತೊಂದರೆಯೇ ಇರುತ್ತಿರಲಿಲ್ಲ. ಒಂದು ಸಂಖ್ಯೆಯ ಅರ್ಧವನ್ನೂ ಅದರ ಮೂರನೇ ಒಂದು ಭಾಗವನ್ನೂ ಕೂಡಿದರೆ 10 ಬರುತ್ತದೆ, ಆ ಸಂಖ್ಯೆ ಯಾವುದು ಎಂದು ಕೇಳಿ, ಮಾತನಾಡದೆ ಪೆನ್ಸಿಲಿನ ತುದಿಯನ್ನೇ ನೋಡುತ್ತಾ ಕೂರಬೇಕು. ಹುಡುಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಐದನೇ ಎರಡು ಭಾಗ ಎಂದು ಬರೆಯುತ್ತಾನೆ, ಅಲ್ಲಿಂದ ಮುಂದೆ ಒಂದೂ ತಪ್ಪಿಲ್ಲದೆ ಹೆಜ್ಜೆ ಹಾಕಿ 25 ಎಂಬ ಉತ್ತರಕ್ಕೆ ಬರುತ್ತಾನೆ. ಉತ್ತರ 12. ಸಮೀಕರಣ ಬಿಡಿಸುವ ವಿಧಾನ ಅವನಿಗೆ ಚೆನ್ನಾಗಿಯೇ ಗೊತ್ತಿದೆ. ಎರಡು ಮೂರು ವರ್ಷ ಹಿಂದೆ ಕಲಿಯಬೇಕಿದ್ದ ಭಿನ್ನರಾಶಿಯ ಸಂಕಲನ ಅವನಲ್ಲಿ ತಪ್ಪಾಗಿಯೇ ಬೇರೂರಿದೆ. ಆಗ ಸರಿಯಾದ ವಿಧಾನವನ್ನು ಬರೆದು ತೋರಿಸುವ ಮೊದಲು ಒಂದು ಪ್ರಶ್ನೆ ಹಾಕಬೇಕು: ಐದನೇ ಎರಡು ಭಾಗ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಡಿಮೆ ಎನ್ನುತ್ತಾನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ? ಹುಡುಗ ಸುಮ್ಮನಾಗುತ್ತಾನೆ, ಪೆನ್ಸಿಲು ಕೆಳಗಿಡುತ್ತಾನೆ, ತಾನು ಬರೆದದ್ದನ್ನು ಮೊದಲ ಬಾರಿಗೆ ಅನುಮಾನದಿಂದ ನೋಡುತ್ತಾನೆ. ಮನೆಪಾಠಕ್ಕೆ ಹಣ ಕೊಡುವುದಾದರೆ ಈ ಕ್ಷಣಕ್ಕಾಗಿ ಕೊಡಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರ ಪೆನ್ಸಿಲಿನ ತುದಿ ನೋಡಲು ಯಾವ ಶಿಕ್ಷಕರಿಗೂ ಆಗುವುದಿಲ್ಲ. ಆ ಕೊರತೆಯನ್ನು ತುಂಬಲಿಕ್ಕಾಗಿಯೇ ಇನ್ನೊಬ್ಬರನ್ನು ಮನೆಗೆ ಕರೆಸುತ್ತೇವೆ. ಮನೆಗೆ ಬಂದವರು ಅದೇ ಪಾಠವನ್ನು ಅದೇ ರೀತಿಯಲ್ಲಿ ಇನ್ನೊಮ್ಮೆ ಓದಿ ಹೇಳಿ ಹೊರಟರೆ, ಕೊಟ್ಟ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಒಬ್ಬರಿಗೆ ಒಬ್ಬರು ಪಾಠ ಹೇಳುವುದರ ಪರಿಣಾಮದ ಬಗ್ಗೆ ಜನ ಎತ್ತಿ ಹೇಳುವುದು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನವನ್ನು. ಹಾಗೆ ಕಲಿತ ಮಕ್ಕಳಲ್ಲಿ ಸರಾಸರಿ ವಿದ್ಯಾರ್ಥಿಯು, ಮಾಮೂಲಿ ತರಗತಿಯಲ್ಲಿ ಕಲಿತವರ ಪೈಕಿ ಶೇಕಡ 98ರಷ್ಟು ಮಂದಿಯನ್ನು ಮೀರಿಸಿದ ಎಂಬುದು ಅದರಲ್ಲಿದ್ದ ಬೆರಗಿನ ಫಲಿತಾಂಶ. ಅದೇ ಲೇಖನದಲ್ಲಿ ಬ್ಲೂಮ್, ಈ ಪದ್ಧತಿಯ ಖರ್ಚನ್ನು ದೊಡ್ಡ ಪ್ರಮಾಣದಲ್ಲಿ ಹೊರಲು ಬಹುತೇಕ ಸಮಾಜಗಳಿಗೆ ಸಾಧ್ಯವಿಲ್ಲ ಎಂದೂ ಬರೆದಿದ್ದರು. ಆ ಭಾಗವನ್ನು ಜಾಹೀರಾತುಗಳು ಬಿಟ್ಟುಬಿಡುತ್ತವೆ. ನಂತರದ ಅಧ್ಯಯನಗಳಲ್ಲಿ ಪರಿಣಾಮ ಇಷ್ಟು ದೊಡ್ಡದಾಗಿ ಕಂಡುಬರಲಿಲ್ಲ. 2020ರಲ್ಲಿ ಸಂಶೋಧಕರು 96 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ 0.37 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ ಅದು) ಬಂತು. ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಮುಂದಿನಿಂದ ಸುಮಾರು 36ನೆಯ ಸ್ಥಾನಕ್ಕೆ ಬಂದಂತೆ. ಇದು ಸಣ್ಣ ಲಾಭವಲ್ಲ, ಶಿಕ್ಷಣದಲ್ಲಿ ಪ್ರಯತ್ನಿಸಿ ನೋಡಿದ ಎಷ್ಟೋ ಕ್ರಮಗಳಿಂದ ಇಷ್ಟೂ ಸಿಗುವುದಿಲ್ಲ. ಆದರೆ ಪವಾಡವೂ ಅಲ್ಲ. ತರಬೇತಿ ಪಡೆದ ಶಿಕ್ಷಕರು ಹೇಳಿದಾಗ ಲಾಭ ಹೆಚ್ಚು, ಶಾಲೆಯ ಹೊತ್ತಿನಲ್ಲೇ ನಡೆದಾಗ ಹೆಚ್ಚು, ಕೆಳಗಿನ ತರಗತಿಗಳಲ್ಲಿ ಹೆಚ್ಚು ಎಂಬುದೂ ಆ ಪರಿಶೀಲನೆಯಲ್ಲಿ ಕಂಡುಬಂದಿತ್ತು. ನಾವು ಹಣ ಸುರಿಯುವುದು ಇದಕ್ಕೆ ತದ್ವಿರುದ್ಧವಾಗಿ: ಮೇಲಿನ ತರಗತಿಗಳಲ್ಲಿ, ಸುಸ್ತಾದ ಸಂಜೆಯ ಹೊತ್ತಿನಲ್ಲಿ, ಪರೀಕ್ಷೆ ಹತ್ತಿರ ಬಂದಾಗ.

ಹಾಗಾದರೆ ಖರ್ಚನ್ನು ತಗ್ಗಿಸುವುದು ಎಲ್ಲಿ? ದರದ ಮೇಲೆ ಜಗ್ಗಾಡುವುದಕ್ಕಿಂತ ಇಬ್ಬರು ಮೂವರು ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಹೆಚ್ಚು ಫಲ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಶಾಲೆಗಳಿಗೆ ಇಂಥ ವಿಷಯಗಳಲ್ಲಿ ಸಲಹೆ ನೀಡುವ ಪ್ರತಿಷ್ಠಾನವೊಂದು, ಒಬ್ಬರಿಗೆ ಒಬ್ಬರು ಹೇಳುವ ಪಾಠದಿಂದ ಸರಾಸರಿ 5 ತಿಂಗಳ ಹೆಚ್ಚುವರಿ ಪ್ರಗತಿ, ಸಣ್ಣ ಗುಂಪಿನ ಪಾಠದಿಂದ 4 ತಿಂಗಳ ಹೆಚ್ಚುವರಿ ಪ್ರಗತಿ ಎಂದು ಅಂದಾಜು ಮಾಡಿದೆ. ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಬಹುದಾದಾಗ ಈ ಒಂದು ತಿಂಗಳ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು ಎಂದೇ ನನಗನಿಸುತ್ತದೆ. ಶರತ್ತು ಒಂದೇ, ಕೂರಿಸಿದ ಮಕ್ಕಳ ತೊಡಕು ಒಂದೇ ಬಗೆಯದಾಗಿರಬೇಕು. ಪಕ್ಕದ ಮನೆಯವರು, ಒಂದೇ ತರಗತಿಯವರು ಎಂಬ ಕಾರಣ ಸಾಲದು. ಆನ್‌ಲೈನ್ ಪಾಠದಲ್ಲಿ ಓಡಾಟದ ಹೊತ್ತು ಉಳಿಯುವುದರಿಂದ ದರ ಸ್ವಲ್ಪ ಇಳಿಯುತ್ತದೆ, ಆದರೆ ಮಗು ಬರೆಯುತ್ತಿರುವ ಕಾಗದ ಶಿಕ್ಷಕರ ಕಣ್ಣಿಗೆ ಬೀಳುವಂತಿರಬೇಕು. ಮುಖವಷ್ಟೇ ತೋರಿಸುವ ಕ್ಯಾಮೆರಾದಿಂದ ಪ್ರಯೋಜನ ಕಡಿಮೆ.

ಹೇಳದೆ ಬರುವ ಖರ್ಚುಗಳಲ್ಲಿ ನನಗೆ ಅತ್ಯಂತ ಅನುಮಾನವಿರುವುದು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಕೊಡುಗೆಯ ಮೇಲೆ. ಮಗುವಿಗೆ ಆ ಶಿಕ್ಷಕರು ಹೊಂದುವುದಿಲ್ಲ ಎಂದು ಎರಡನೆಯ ತಿಂಗಳಲ್ಲಿ ಗೊತ್ತಾದರೂ, ಕಟ್ಟಿದ ಹಣ ಹೋಗುತ್ತದಲ್ಲ ಎಂದು ಉಳಿದ ತಿಂಗಳು ಮಗುವನ್ನು ಅಲ್ಲೇ ಕೂರಿಸುತ್ತೇವೆ. ಹಣದ ಜೊತೆಗೆ ಮಗುವಿನ ಸಂಜೆಗಳೂ ಹೋಗುತ್ತವೆ. ಮಗುವಿನ ಸಂಜೆ ಪುಕ್ಕಟೆಯಾದದ್ದು ಎಂಬಂತೆ ನಾವು ಲೆಕ್ಕ ಹಾಕುತ್ತೇವೆ. ಆಟ, ನಿದ್ದೆ, ತಾನಾಗಿಯೇ ಕುಳಿತು ಒಂದು ಲೆಕ್ಕದೊಂದಿಗೆ ಗುದ್ದಾಡುವ ಹೊತ್ತು, ಇವೆಲ್ಲ ಆ ವೆಚ್ಚದಲ್ಲೇ ಸೇರಬೇಕು. ಪಕ್ಕದಲ್ಲಿ ಯಾರೂ ಕೂರದಿದ್ದರೆ ಪುಸ್ತಕವನ್ನೇ ತೆರೆಯದ ಅಭ್ಯಾಸ ಬೆಳೆದುಬಿಟ್ಟರೆ, ಅದನ್ನು ಬಿಡಿಸಲು ಮತ್ತೊಬ್ಬ ಶಿಕ್ಷಕರನ್ನು ಗೊತ್ತುಮಾಡಲಾಗುವುದಿಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಅಗತ್ಯವಿಲ್ಲದ ಮನೆಪಾಠಕ್ಕೆ ಜನ ಹಣ ಕೊಡುವುದೇಕೆಂದರೆ, ಬೇರೆಯವರು ಕೊಡುತ್ತಿದ್ದಾರೆ. ಸೀಟುಗಳು ಇಷ್ಟೇ ಎಂದು ನಿಗದಿಯಾಗಿರುವ ಪರೀಕ್ಷೆಯಲ್ಲಿ ಎಲ್ಲರೂ ಮನೆಪಾಠ ಹೇಳಿಸಿಕೊಂಡರೆ ಎಲ್ಲರ ಜೇಬೂ ಖಾಲಿಯಾಗುತ್ತದೆ, ಸೀಟುಗಳ ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. ದಕ್ಷಿಣ ಕೊರಿಯಾದ ಸರ್ಕಾರ 1980ರಲ್ಲಿ ಖಾಸಗಿ ಪಾಠವನ್ನೇ ನಿಷೇಧಿಸಿತು. 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ಸಂವಿಧಾನಬಾಹಿರವೆಂದಿತು. 2023ರ ಹೊತ್ತಿಗೆ ಅಲ್ಲಿನ ಶಾಲಾಮಕ್ಕಳಲ್ಲಿ ಶೇಕಡ 78ರಷ್ಟು ಮಂದಿ ಖಾಸಗಿ ಪಾಠಕ್ಕೆ ಹೋಗುತ್ತಿದ್ದರು, ಅದಕ್ಕಾಗಿ ಕುಟುಂಬಗಳು ಮಾಡಿದ ಒಟ್ಟು ವೆಚ್ಚ ಸುಮಾರು 27 ಲಕ್ಷ ಕೋಟಿ ವಾನ್. ಚೀನಾ 2021ರ ಜುಲೈನಲ್ಲಿ, ಕಡ್ಡಾಯ ಶಿಕ್ಷಣದ ಹಂತದ ಶಾಲಾ ವಿಷಯಗಳನ್ನು ಹೇಳಿಕೊಡುವ ಸಂಸ್ಥೆಗಳು ಲಾಭಕ್ಕಾಗಿ ನಡೆಯಬಾರದೆಂದು ಆದೇಶಿಸಿತು. ದೊಡ್ಡ ದೊಡ್ಡ ಸಂಸ್ಥೆಗಳು ಕುಸಿದವು, ಪಾಠ ಮಾತ್ರ ಒಳಗೊಳಗೇ ಹೆಚ್ಚಿನ ದರದಲ್ಲಿ ನಡೆಯಿತು ಎಂಬ ವರದಿಗಳು ಬಂದವು. ಪೈಪೋಟಿಯ ಕಾರಣ ಹಾಗೆಯೇ ಉಳಿದಿರುವಾಗ ನಿಷೇಧದಿಂದ ಬೇಡಿಕೆ ಇಳಿಯದು, ಬೆಲೆ ಏರೀತು. ಈ ಪೈಪೋಟಿಯಿಂದ ನನ್ನ ಮಗಳನ್ನು ಪೂರ್ತಿ ಹೊರಗಿಡುವ ಧೈರ್ಯ ನನಗಿದೆ ಎಂದು ಹೇಳಲಾರೆ. ಆದರೆ ಬಾರದ್ದನ್ನು ಕಲಿಯಲು ಕೊಡುವ ಹಣ ಒಂದು, ಬರುವುದನ್ನೇ ಇತರರಿಗಿಂತ ಎರಡು ಅಂಕ ಹೆಚ್ಚಾಗಿ ಬರೆಯಲು ಕೊಡುವ ಹಣ ಇನ್ನೊಂದು ಎಂಬುದನ್ನಾದರೂ ನಮ್ಮೊಳಗೆ ಬೇರೆ ಬೇರೆ ಇಟ್ಟುಕೊಳ್ಳಬಹುದು.

ಯಾವ ದರವನ್ನೂ ಕೊಡಲಾಗದ ಮನೆಗಳ ಮಾತನ್ನು ಬಿಟ್ಟು ಈ ವಿಷಯ ಮುಗಿಸಲಾಗದು. ಶಾಲೆಯ ಶಿಕ್ಷಕರನ್ನು ಭೇಟಿಯಾಗಿ, ನಮ್ಮ ಮಗು ಯಾವ ಪಾಠದಲ್ಲಿ ಹಿಂದೆ ಬಿದ್ದಿದೆ ಎಂದು ನಿರ್ದಿಷ್ಟವಾಗಿ ಕೇಳುವುದಕ್ಕೆ ಖರ್ಚಿಲ್ಲ. ಮನೆಪಾಠಕ್ಕೆ ಹಣ ಇರುವವರೂ ಮೊದಲು ಮಾಡಬೇಕಾದ ಕೆಲಸ ಅದು. ಮೇಲಿನ ತರಗತಿಯ ವಿದ್ಯಾರ್ಥಿ ಕೆಳಗಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ ಹಗುರವಾಗಿ ಕಾಣಬೇಕಾಗಿಲ್ಲ. 1982ರಲ್ಲಿ ಪ್ರಕಟವಾದ, 65 ಅಧ್ಯಯನಗಳನ್ನು ಆಧರಿಸಿದ ವಿಶ್ಲೇಷಣೆಯೊಂದು, ಹೀಗೆ ಕಲಿತ ಮಕ್ಕಳ ಜೊತೆಗೆ ಕಲಿಸಿದ ಮಕ್ಕಳಿಗೂ ಆ ವಿಷಯದ ಅರಿವು ಹೆಚ್ಚಿತೆಂದು ತೋರಿಸಿತು. ಆದರೆ ಇದನ್ನು ವ್ಯವಸ್ಥಿತವಾಗಿ ನಡೆಸಬೇಕಾದದ್ದು ಶಾಲೆ. ಮನೆಪಾಠದ ಖರ್ಚನ್ನು ಹೊತ್ತಿರುವ ತಂದೆತಾಯಿಯರು ಶಾಲೆಯ ಸಭೆಗಳಲ್ಲಿ ಈ ಬೇಡಿಕೆಯನ್ನು ಎತ್ತುವುದೇ ಇಲ್ಲ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನನ್ನ ಮಗಳ ಶಿಕ್ಷಕರೊಂದಿಗೆ ನಾನು ಮಾಡಿಕೊಂಡಿರುವ ಒಪ್ಪಂದ ಹೀಗಿದೆ. ಭಿನ್ನರಾಶಿ, ದಶಮಾಂಶ, ಅನುಪಾತ ಈ ಮೂರು ವಿಷಯಗಳು. ಒಂದೊಂದು ಮುಗಿದ ಮೇಲೆ ಅವಳು ಯಾರ ನೆರವೂ ಇಲ್ಲದೆ, ಹಿಂದೆ ನೋಡಿರದ ಹತ್ತು ಲೆಕ್ಕಗಳನ್ನು ಮಾಡಬೇಕು. ಎಂಟು ಸರಿಯಾದರೆ ಮುಂದಿನ ವಿಷಯ, ಮೂರೂ ಮುಗಿದರೆ ಪಾಠ ನಿಲ್ಲುತ್ತದೆ. ಅವರು ಕೇಳಿದ ದರವನ್ನು ನಾನು ಇಳಿಸಲು ಹೋಗಲಿಲ್ಲ. ಹಿಂದಿನ ದಿನವೇ ತಿಳಿಸದೆ ನಾವು ರದ್ದು ಮಾಡಿದ ಪಾಠಕ್ಕೂ ಹಣ ಸಲ್ಲುತ್ತದೆ. ಬೇಗ ಮುಗಿಸಿದವರಿಗೆ ನಷ್ಟವಾಗುವಂಥ ಏರ್ಪಾಡಿನಲ್ಲಿ ಯಾರು ತಾನೇ ಬೇಗ ಮುಗಿಸಿಯಾರು ಎಂದು ಯೋಚಿಸಿ, ಒಪ್ಪಿದ ಅವಧಿಗಿಂತ ಮೊದಲೇ ಮೂರೂ ವಿಷಯಗಳು ಮುಗಿದರೂ ಪೂರ್ತಿ ಅವಧಿಯ ಹಣ ಕೊಡುವುದೆಂದು ಮಾತಾಗಿದೆ. ಇದನ್ನು ಕೇಳಿದ ಸ್ನೇಹಿತರೊಬ್ಬರು, ಮಾಡದ ಪಾಠಕ್ಕೆ ಹಣ ಕೊಡುತ್ತಿದ್ದೀಯಲ್ಲ ಎಂದರು. ಅವರ ಮಗನಿಗೆ ಅದೇ ವಿಷಯದಲ್ಲಿ ಇದು ಮೂರನೆಯ ವರ್ಷದ ಮನೆಪಾಠ.