ಕಾರ್ಯದ ಮನ್ಯಾಗ ರಾಜಕೀಯ ಬ್ಯಾಡ ಅಂತ!

ಒಂದು ವಿಷಯ ಗಮನಿಸಿದ್ದೀರಾ? "ರಾಜಕೀಯ ಬ್ಯಾಡ" ಅನ್ನೋ ಮಾತು ಯಾವ ಮನೆಯಲ್ಲೂ ಮೊದಲು ಬರೋದಿಲ್ಲ. ಯಾರೋ ಒಬ್ಬರು ಅರ್ಧ ಗಂಟೆ ಮನಸೋಇಚ್ಛೆ ರಾಜಕೀಯ ಮಾತಾಡಿ ಮುಗಿಸಿರ್ತಾರೆ. ಎದುರಿಗಿದ್ದವರು ಉತ್ತರ ಕೊಡೋಕೆ ಬಾಯಿ ತೆಗೀತಾರೆ ನೋಡಿ, ಆವಾಗ ಬರುತ್ತೆ ಈ ಅಪ್ಪಣೆ. ಮೊನ್ನೆ ಭಾನುವಾರ ಕಾರಟಗಿಯಲ್ಲಿ ಒಂದು ಕುಬುಸದ (ಸೀಮಂತದ) ಕಾರ್ಯಕ್ಕೆ ಹೋಗಿ ಬಂದಾಗಿನಿಂದ ಇದೇ ತಲೆ ಕೊರೀತಾ ಇದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಗಂಡಸರ ಪಂಕ್ತಿ ಮೊದಲು. (ಅದ್ಯಾಕೆ ಮೊದಲು ಅಂತ ಕೇಳಿದರೆ ಅದೂ ರಾಜಕೀಯ ಆಗುತ್ತೆ, ಇರಲಿ.) ನಾವು ಹೆಂಗಸರು ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಡಿಸ್ತಾ ಇದ್ದೀವಿ. ನಮ್ಮ ಮನೆಯವರ ಸಣ್ಣಪ್ಪ, ಅಂದರೆ ನನಗೆ ಸಣ್ಣ ಮಾವ, ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ತಾ ಭಾಷಣ ಶುರು ಮಾಡಿದರು. "ಬಸ್ಸಿನಾಗ ಕುಂದ್ರಾಕ ಜಾಗ ಇಲ್ಲ, ಎಲ್ಲಾ ಹೆಣ್ಮಕ್ಳ. ಧರ್ಮಸ್ಥಳ, ಶ್ರೀಶೈಲ, ಅಡ್ಡಾಡಿದ್ದ ಅಡ್ಡಾಡಿದ್ದು." ಶಕ್ತಿ ಯೋಜನೆ ಬಸ್ಸು ರಾಜ್ಯದ ಗಡಿ ದಾಟಿ ಶ್ರೀಶೈಲಕ್ಕೆಲ್ಲ ಪುಕ್ಕಟೆ ಹೋಗೋದಿಲ್ಲ, ಅದು ಬೇರೆ ಮಾತು. ಆಮೇಲೆ ಹೆಂಗಸರಿಗೆ ತಿಂಗಳಿಗೆ ಬರೋ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಬಂದರು. "ಎರಡು ಸಾವಿರ ಕೊಟ್ರ ಹೆಂಗಸ್ರು ಯಾರಿಗೆ ಬೇಕಾದ್ರೂ ಓಟು ಹಾಕ್ತಾರ" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಪಕ್ಕದಲ್ಲಿ ಎಣ್ಣೆಗಾಯಿ ಬಡಿಸ್ತಾ ಇದ್ದ ಓರಗಿತ್ತಿ ತನ್ನ ಮಗಳ ಟ್ಯೂಷನ್ ಫೀ ಕಟ್ಟೋದು ಅದೇ ದುಡ್ಡಿನಲ್ಲಿ. ಅವಳ ಕೈಯಲ್ಲಿದ್ದ ಸೌಟು ಒಂದು ಕ್ಷಣ ಹಾಗೇ ನಿಂತಿತು, ಮತ್ತೆ ಮುಂದಿನ ಎಲೆಗೆ ಹೋಯಿತು. ಅವಳೇನೂ ಅನ್ನಲಿಲ್ಲ. ನಾನು ಅಂದೆ.

"ಮಾವಾರ, ನಿಮ್ಮ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಎಷ್ಟು ಬರ್ತೈತ್ರಿ?"

ಅಷ್ಟೇ ಕೇಳಿದ್ದು. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಪುಕ್ಕಟೆ ಅನ್ನೋದು ಅಲ್ಲಿ ಕೂತವರಿಗೆಲ್ಲ ಗೊತ್ತು. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬೆಳೆ ಸಾಲ ಮನ್ನಾ ಮಾಡಿದಾಗ ಅದೇ ಮಾವ ಹಳ್ಳಿಯಲ್ಲಿ ಪೇಢೆ ಹಂಚಿದ್ದೂ ಗೊತ್ತು. ಆಗ ಯಾರೂ "ಗಂಡಸರು ಎಷ್ಟಕ್ಕೆ ಓಟು ಹಾಕ್ತಾರೆ" ಅಂತ ಲೆಕ್ಕ ತೆಗೀಲಿಲ್ಲ. ಅದು ರೈತರ ಹಕ್ಕು. ಇದು ಬಿಟ್ಟಿ.

ಮಾವ ಎಲೆಯಿಂದ ತಲೆ ಎತ್ತಲೇ ಇಲ್ಲ. "ಏ ಬಿಡವಾ ತಂಗಿ, ಕಾರ್ಯದ ಮನ್ಯಾಗ ಯಾಕ ರಾಜಕೀಯ? ಇಲ್ಲೊಂದೀಟು ಸಾರು ತರ್ರಿ."

ಎಲ್ಲರೂ ಉಸಿರು ಬಿಟ್ಟರು. ಯಾರೋ ಸಾರು ತಂದರು. ನಮ್ಮ ಅತ್ತೆ ದೂರದಿಂದಲೇ ಕಣ್ಣಲ್ಲಿ "ಒಳಗ ಬಾ" ಅಂದರು. ಅಲ್ಲಿಯವರೆಗೂ ನಡೆದದ್ದು ಸುಮ್ಮನೆ ನಾಲ್ಕು ಮಂದಿಯ ಹರಟೆ, ನಾನು ಬಾಯಿ ತೆಗೆದ ಕೂಡಲೇ ರಾಜಕೀಯ.

ಸಿಂಧನೂರಿಗೆ ವಾಪಸ್ ಬರುವಾಗ ಕಾರಿನಲ್ಲಿ ನಮ್ಮವರು ಅಂದರು: "ನೀ ಕೇಳಿದ್ದು ಖರೇನ ಐತಿ. ಆದ್ರ ಅಲ್ಲಿ ಕೇಳಬಾರ್ದಿತ್ತು." ಹಂಗಾದ್ರ ಎಲ್ಲಿ ಕೇಳಬೇಕಿತ್ರಿ ಅಂದೆ. ಗೇರು ಬದಲಿಸಿದರು. ಉತ್ತರ ಇನ್ನೂ ಬಂದಿಲ್ಲ.

ನನ್ನ ಬಲ್ಲವರಿಗೆ ಗೊತ್ತು, ನಾನು ಪಿಯು ಮಕ್ಕಳಿಗೆ ಪಾಠ ಹೇಳೋದೇ ರಾಜ್ಯಶಾಸ್ತ್ರ. "ಪ್ರಜಾಪ್ರಭುತ್ವದಲ್ಲಿ ಸಾರ್ವಜನಿಕ ಅಭಿಪ್ರಾಯದ ಪಾತ್ರ" ಅಂತ 10 ಅಂಕದ ಉತ್ತರ ಬಾಯಿಪಾಠ ಮಾಡಿಸ್ತೀನಿ. ಮಕ್ಕಳು ಚೆನ್ನಾಗಿ ಬರೀತಾರೆ. ಮನೆಗೆ ಹೋಗಿ ಒಂದು ಅಂಕದ ಪ್ರಶ್ನೆ ಕೇಳಿದರೂ ಚಪ್ಪಲಿ ಬೀಳುತ್ತೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ನಮ್ಮ ಬಳಗದ ವಾಟ್ಸಾಪ್ ಗ್ರೂಪಿನ ಕತೆ ಇನ್ನೂ ಚಂದ. "ಇಲ್ಲಿ ರಾಜಕೀಯ ಪೋಸ್ಟ್ ನಿಷೇಧ" ಅಂತ ಗ್ರೂಪಿನ ವಿವರದಲ್ಲೇ ಬರೆದಿದೆ. ಬರೆದ ಅಡ್ಮಿನ್ ಸಾಹೇಬರು ಬೆಳಿಗ್ಗೆ ಎದ್ದು ಗುಡ್ ಮಾರ್ನಿಂಗ್ ಜೊತೆಗೇ ಒಂದು ಪಕ್ಷದ ವಿಡಿಯೋ ಹಾಕ್ತಾರೆ. ಅದು ರಾಜಕೀಯ ಅಲ್ಲವಂತೆ, "ಮಾಹಿತಿ"ಯಂತೆ. ಅದು ಸುಳ್ಳು ಅಂತ ಯಾರಾದರೂ ತೋರಿಸಿಕೊಟ್ಟರೆ ಹತ್ತು ನಿಮಿಷದಲ್ಲಿ ನಿಯಮ ನೆನಪಾಗುತ್ತೆ. ಇನ್ನೊಂದು ಪಕ್ಷದ ಭಕ್ತ, ನನ್ನ ಸ್ವಂತ ಚಿಕ್ಕಮ್ಮನ ಮಗ, ಏನು ಕಮ್ಮಿ ಇಲ್ಲ. ಅವನ ಗೆಳೆಯರ ಗ್ರೂಪಿನಲ್ಲಿ ಅವನೇ ಅಡ್ಮಿನ್, ಅಲ್ಲಿ ಗ್ಯಾರಂಟಿ ದುಡ್ಡು ಎರಡು ತಿಂಗಳಿಂದ ಯಾಕೆ ಜಮಾ ಆಗಿಲ್ಲ ಅಂತ ಕೇಳಿದವನನ್ನ ಹೊರಗೆ ಹಾಕಿದ. ಹಾಗಾಗಿ ಇದನ್ನ ಓದಿ "ಅಕ್ಕ ಯಾವ ಕಡೆ" ಅಂತ ಹುಡುಕಬೇಡಿ. ನಾನು ಯಾರಿಗೆ ಓಟು ಹಾಕ್ತೀನಿ ಅಂತ ಮದುವೆಯಾದಾಗಿನಿಂದ ನನ್ನ ಗಂಡನಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಓಟು ಗುಟ್ಟಿನದು. ಪ್ರಶ್ನೆ ಯಾಕೆ ಗುಟ್ಟಾಗಿರಬೇಕು?

ರಾಯಚೂರಿಗೆ ಏಮ್ಸ್ ಬೇಕು ಅನ್ನೋ ಪೋಸ್ಟನ್ನೇ ತಗೊಳ್ಳಿ. 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತು, ಸಾವಿರ ದಿನ ದಾಟಿತು. "ಏಮ್ಸ್ ಬೇಕೇ ಬೇಕು" ಅಂತ ಹಾಕಿದರೆ ನಮ್ಮ ಗ್ರೂಪಿನಲ್ಲಿ ಎಲ್ಲ ಪಕ್ಷದವರೂ ಹೆಬ್ಬೆರಳು ಒತ್ತುತ್ತಾರೆ, ಅಡ್ಮಿನ್ನೂ ಒತ್ತುತ್ತಾರೆ. "ಯಾಕೆ ಬರಲಿಲ್ಲ, ಯಾರ ಟೇಬಲ್ ಮೇಲೆ ನಿಂತಿದೆ" ಅಂತ ಕೇಳಿ ನೋಡಿ. ಅದು ರಾಜಕೀಯ. ಬೇಡೋವರೆಗೂ ಸಭ್ಯರು, ಯಾಕೆ ಕೊಟ್ಟಿಲ್ಲ ಅಂದರೆ ಮನೆ ಒಡೆಯೋರು.

ಹಾಗೇ ಸಂವಿಧಾನದ 371(ಜೆ) ವಿಧಿ. 2012ರ ಕೊನೆಗೆ ಸಂಸತ್ತಿನಲ್ಲಿ ಪಾಸಾಯಿತು, ಸಂವಿಧಾನದ 98ನೇ ತಿದ್ದುಪಡಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ನನ್ನ ಮೈದುನನ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಆ ಮೀಸಲಾತಿ ಸರ್ಟಿಫಿಕೇಟಿನಿಂದ. ಆ ಹುಡುಗನ ಅಪ್ಪನೇ ಮೊನ್ನೆ ಎಲೆ ಅಡಿಕೆ ಹಾಕಿಕೊಳ್ತಾ ಹೇಳಿದ್ದು: "ರಾಜಕೀಯದಿಂದ ನಮಗೇನು ಆಗಬೇಕಾಗೈತಿ, ನಾವು ದುಡದ್ರ ನಾವು ಉಣ್ಣಬೇಕು." ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಆದರೆ ಇದೆಲ್ಲ ಮೇಲಿನ ಮಾತು. ಒಳಗಿರೋದು ಬೇರೆ, ಅದನ್ನೇ ಬರೀಬೇಕು ಅಂತ ಕೂತದ್ದು.

ನನ್ನ ತವರು ಸಿರವಾರ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಕೊಟ್ಟಿದ್ದು ಕಾರಟಗಿ ಕಡೆ, ಅದೇ ಕಾಲುವೆಯ ಮೇಲ್ಭಾಗ. ಮೊನ್ನೆ ಅದೇ ಪಂಕ್ತಿಯಲ್ಲಿ ನನ್ನ ತಮ್ಮನೂ ಕೂತಿದ್ದ, ಸಣ್ಣ ಮಾವನಿಂದ ಎರಡೆಲೆ ಆಚೆ. ಈ ಕಾಲುವೆ ಮಾಡಿದಾಗ ಲೆಕ್ಕ ಹಾಕಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾಕ್ಕೆ. ಮೇಲ್ಭಾಗದಲ್ಲಿ ಎಲ್ಲರೂ ಭತ್ತಕ್ಕೆ ಇಳಿದರು, ಅದೂ ವರ್ಷಕ್ಕೆ ಎರಡು ಬೆಳೆ. ಭತ್ತ ಕುಡಿದಷ್ಟು ನೀರು ಜೋಳ ಕುಡಿಯೋದಿಲ್ಲ. ಸಾಲದ್ದಕ್ಕೆ ಕಾಲುವೆ ದಂಡೆಗೇ ಮೋಟಾರು ಇಟ್ಟು ಎತ್ತೋರು ಬೇರೆ. ಸಿರವಾರ, ಮಾನ್ವಿ ಮುಟ್ಟೋ ಹೊತ್ತಿಗೆ ಕಾಲುವೆಯಲ್ಲಿ ಉಳಿಯೋದು ಕೆಸರು. ಪ್ರತಿ ವರ್ಷ ಅಲ್ಲಿನ ರೈತರು ರಸ್ತೆಗೆ ಕೂತು "ಕೊನೆಭಾಗಕ್ಕೆ ನೀರು ಮುಟ್ಟಿಸಿ" ಅಂತ ಕೂಗೋದನ್ನ ಪೇಪರಿನಲ್ಲಿ ನೋಡ್ತೀರಲ್ಲ, ಅದರಲ್ಲಿ ನನ್ನ ತಮ್ಮನೂ ಇರ್ತಾನೆ.

ನಾನು ಮಾವನ ಪಂಪ್‌ಸೆಟ್ಟಿನ ಮಾತೆತ್ತಿದಾಗ ಎಲೆ ಮುಂದೆ ಕೂತವರು ಗಪ್ ಆದದ್ದು ಎರಡು ಸಾವಿರದ ಸಲುವಾಗಿ ಅಂತ ಅಂದುಕೊಂಡಿರಾ? ಆ ಮೋಟಾರು ಎಲ್ಲಿ ಕೂತಿದೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ಪ್ರಶ್ನೆ ಅದೇ ಬರುತ್ತೆ ಅಂತಲೂ ಗೊತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತು ಹೋದಾಗ ನಮ್ಮ ಎರಡೂ ಮನೆಯವರು ಒಟ್ಟಿಗೇ ಟಿವಿ ಮುಂದೆ ಕೂತಿದ್ದರು. ಆಗ ಬೈದಾಡೋದಕ್ಕೆ ಯಾರಿಗೂ ಅಡ್ಡಿ ಇರಲಿಲ್ಲ. ಒಬ್ಬರು ರಾಜ್ಯ ಸರ್ಕಾರಕ್ಕೆ, ಒಬ್ಬರು ತುಂಗಭದ್ರಾ ಮಂಡಳಿಗೆ. ಎಲ್ಲ ಆಚೆಯವರ ಮೇಲೆ. 133 ಟಿಎಂಸಿ ಅಂತ ಕಟ್ಟಿದ ಡ್ಯಾಮು ಹೂಳು ತುಂಬಿ 105ಕ್ಕೆ ಇಳಿದ ಬಗ್ಗೆ, ಆ ಕೊರತೆ ತುಂಬೋಕೆ ಅಂತ ಯೋಜಿಸಿದ ನವಲಿಯ ಸಮತೋಲನ ಜಲಾಶಯ ಕಾಗದದಲ್ಲೇ ಉಳಿದ ಬಗ್ಗೆ ತಾಸುಗಟ್ಟಲೆ ಮಾತಾಡಿದರು. 2025ರ ಕೊನೆಗೆ, ಗೇಟು ಬದಲಿಸೋ ಕೆಲಸಕ್ಕೆ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆದಾಗಲೂ ಅಷ್ಟೇ, ಮೇಲ್ಭಾಗದವರ ಗೋಳು ಮುಗಿಲು ಮುಟ್ಟಿತು. ನನ್ನ ತಮ್ಮ ಮಾತ್ರ ಫೋನಿನಲ್ಲಿ ನಕ್ಕ. "ಅಕ್ಕಾ, ನಮಗ ಎರಡನೇ ಬೆಳಿಗೆ ನೀರು ಯಾವಾಗ ಬಂದಿತ್ತು?" ಈ ಮಾತನ್ನ ಅವನು ಬೀಗರ ಮುಂದೆ ಒಮ್ಮೆಯೂ ಆಡಿಲ್ಲ. ಟ್ರಂಪ್ ಬಗ್ಗೆ ಮಾತಾಡ್ತಾರೆ, ಪಾಕಿಸ್ತಾನದ ಬಗ್ಗೆ ಮಾತಾಡ್ತಾರೆ, ಒಂದೇ ಕಾಲುವೆಯ ನೀರು ಕುಡಿಯೋ ಎರಡು ಮನೆ ಆ ಕಾಲುವೆಯ ಬಗ್ಗೆ ಮಾತಾಡೋದಿಲ್ಲ.

ಈಗ ನೀವಂತೀರಿ, ಗೊತ್ತು: "ಮೇಡಂ, ರಾಜಕೀಯ ಮಾತಾಡಿ ಎಷ್ಟು ಸಂಬಂಧ ಹಾಳಾಗಿಲ್ಲ? ಅಣ್ಣ ತಮ್ಮ ಮಾತು ಬಿಟ್ಟಿಲ್ವಾ?" ಬಿಟ್ಟಿದ್ದಾರೆ. ನಮ್ಮೂರಲ್ಲೇ ಗ್ರಾಮ ಪಂಚಾಯಿತಿ ಚುನಾವಣೆಗೆ ಒಂದೇ ಅಂಗಳದ ಎರಡು ಮನೆ ನಡುವೆ ಗೋಡೆ ಎದ್ದಿದೆ. ಆದರೆ ಆ ಅಣ್ಣ ತಮ್ಮ ಕೂತು ವಾದ ಮಾಡಿ ಜಗಳ ಆದದ್ದಾ? ಇಲ್ಲ ಸ್ವಾಮಿ. ಒಬ್ಬ ಗುಟ್ಟಾಗಿ ನಾಮಿನೇಷನ್ ಹಾಕಿದ, ಇನ್ನೊಬ್ಬ ಗುಟ್ಟಾಗಿ ದುಡ್ಡು ಹಂಚಿದ. ಮಾತೇ ಆಡದವರು ಮಾತು ಬಿಟ್ಟರು.

2023ರಲ್ಲಿ ಬಳ್ಳಾರಿ ನಗರದಲ್ಲಿ ಏನಾಯಿತು ನೆನಪಿದೆಯಲ್ಲ? ಜನಾರ್ದನ ರೆಡ್ಡಿಯವರ ಸಹೋದರ ಸೋಮಶೇಖರ ರೆಡ್ಡಿ ಬಿಜೆಪಿಯಿಂದ, ಜನಾರ್ದನ ರೆಡ್ಡಿಯವರ ಹೆಂಡತಿ ಅರುಣಾ ಲಕ್ಷ್ಮಿ ಗಂಡ ಕಟ್ಟಿದ ಹೊಸ ಪಕ್ಷ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದಿಂದ (ಕೆಆರ್‌ಪಿಪಿ) ಎದುರುಬದುರು. ಗೆದ್ದದ್ದು ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ. ಬಳ್ಳಾರಿಯ ನನ್ನ ಸೋದರಮಾವನ ಓಣಿಯಲ್ಲಿ ಆ ಚುನಾವಣೆಗೆ ಎರಡು ಮನೆಯವರು ಕಿತ್ತಾಡಿಕೊಂಡರು. 2024ರ ಮಾರ್ಚಿನಲ್ಲಿ ಆ ಹೊಸ ಪಕ್ಷ ಬಿಜೆಪಿಯಲ್ಲಿ ವಿಲೀನ ಆಯಿತು. ಓಣಿಯವರು ಇನ್ನೂ ವಿಲೀನ ಆಗಿಲ್ಲ.

ಮೊದಲೆಲ್ಲ ಜನ ಆರಾಮಾಗಿ ಮಾತಾಡ್ತಿದ್ದರು, ಮೊಬೈಲ್ ಬಂದು ಕೆಟ್ಟಿತು ಅನ್ನೋರೂ ಇದ್ದಾರೆ. ನನಗೆ ಆ ನಂಬಿಕೆ ಇಲ್ಲ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ನಿಂತಿದ್ದರು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸೋನಿಯಾ 56 ಸಾವಿರದಷ್ಟು ಓಟಿನಿಂದ ಗೆದ್ದರು. ಆ ಶ್ರಾವಣ, ಭಾದ್ರಪದ ಪೂರ್ತಿ ಸೋದರಮಾವನ ಮನೆ ಕಟ್ಟೆ ಮೇಲೆ ಬೆಳಿಗ್ಗೆ ವಗ್ಗರಣಿ ಮಿರ್ಚಿಯಿಂದ ಹಿಡಿದು ರಾತ್ರಿ ಕರೆಂಟ್ ಹೋಗೋವರೆಗೂ ಅದೇ ವಾದ. ಇಬ್ಬರು ಹೆಂಗಸರ ಚುನಾವಣೆ. ಕಟ್ಟೆ ಮೇಲೆ ಒಬ್ಬ ಹೆಂಗಸೂ ಇಲ್ಲ. ನಮ್ಮತ್ತಿ ಚಾ ಮಾಡಿ ಮಾಡಿ ಸುಸ್ತಾಗಿ ಒಮ್ಮೆ ಬಾಗಿಲಲ್ಲಿ ನಿಂತು ಏನೋ ಅಂದರು. ಮಾವ ತಿರುಗಿಯೂ ನೋಡದೆ "ನಿನಗ್ಯಾಕ ಅದು, ಒಳಗ ನಡಿ" ಅಂದಿದ್ದರು. ನಾನಾಗ ಸಣ್ಣಾಕೆ, ಪಕ್ಕದಲ್ಲೇ ಲಂಗ ಹಿಡಿದು ನಿಂತಿದ್ದೆ. ಆವತ್ತಿನ ಮಾತು ಇನ್ನೂ ಕಿವಿಯಲ್ಲಿದೆ.

ಅಂಜಿ ಸುಮ್ಮನಿರೋರ ಮೇಲೆ ನನಗೆ ಸಿಟ್ಟಿಲ್ಲ, ಅದನ್ನೂ ಹೇಳಿಬಿಡ್ತೀನಿ. ಸಂಡೂರಿನ ನನ್ನ ಗೆಳತಿ ಗಣಿ ಕಾಲದಲ್ಲಿ ಬಸ್ಸಿನಲ್ಲಿ ಒಂದು ಹೆಸರು ಹೇಳಬೇಕಾದರೂ ಹಿಂದಿನ ಸೀಟು ನೋಡ್ತಿದ್ದಳು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂದ ಮೇಲೂ ಆ ಚಟ ಹೋಗಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದವರಿಗೆ ನಡತೆ ನಿಯಮ, ಗುತ್ತಿಗೆದಾರನಿಗೆ ಬಿಲ್ಲಿನ ಚಿಂತೆ, ನನಗೂ ಕಾಲೇಜಿನ ಆಡಳಿತ ಮಂಡಳಿ ಅಂತ ಒಂದಿದೆ. ಅವರು ಸುಮ್ಮನಿರಲಿ. ನಾನು ಬೈತಿರೋದು ತಾನು ಹೊಟ್ಟೆ ತುಂಬಾ ಮಾತಾಡಿ ಎದುರಿನವರ ಎಲೆ ಎತ್ತಿಸೋರಿಗೆ.

ತಮ್ಮನಿಗೆ ನಿನ್ನೆ ಫೋನ್ ಮಾಡಿದ್ದೆ. "ಅಕ್ಕಾ, ನನ್ನ ಸಲುವಾಗಿ ನಿನ್ನ ಮನಿ ಮಂದಿ ಜೋಡಿ ಜಗಳಾಡಬ್ಯಾಡ. ನೀ ಅಲ್ಲಿ ಬಾಳೇ ಮಾಡಾಕಿ" ಅಂದ. ನನಗೆ ಅವನ ಮೇಲೂ ಸಿಟ್ಟು ಬಂತು. ಎಕರೆಗಟ್ಟಲೆ ಹತ್ತಿ ಒಣಗಿದರೂ ಅವನಿಗೆ ನನ್ನ ಬಾಳೇವಿನ ಚಿಂತೆ. ಮಾವನಿಗೆ ಯಾರ ಚಿಂತೆಯೂ ಇಲ್ಲ.

ಕಾರಟಗಿಯ ಬಳಗದವರು ಈ ಪೋಸ್ಟ್ ನೋಡ್ತೀರಿ ಅಂತ ಗೊತ್ತು, ಲೈಕ್ ಒತ್ತಲ್ಲ ಅಂತಲೂ ಗೊತ್ತು. ಹೊಸ ಗೇಟು ಕೂತು ಕಾಲುವೆಗೆ ನೀರು ಬಂದ ಮೇಲೆ ಎಷ್ಟು ಎಕರೆ ಭತ್ತ ಹಚ್ಚೋರಿದ್ದೀರಿ, ದಂಡೆ ಮೇಲಿನ ಮೋಟಾರು ಎತ್ತುತ್ತೀರೋ ಇಲ್ಲವೋ, ಕಮೆಂಟಿನಲ್ಲಿ ಬರೀರಿ. ನನ್ನನ್ನ ಬೈದು ಬರೆದರೂ ಅಳಿಸೋದಿಲ್ಲ. ಇಲ್ಲಿ ಅಡ್ಮಿನ್ ನಾನೇ.