ಯಾವ ರೂಮಲ್ಲಿ ಮಲಗ್ತೀರಿ?

"ನೀವು ರಾತ್ರಿ ಯಾವ ರೂಮಲ್ಲಿ ಮಲಗ್ತೀರಿ?"

ಭಾನುವಾರ ಬೆಳಗ್ಗೆ ಕಣ್ಣುಜ್ಜಿಕೊಂಡು ಬಾಗಿಲು ತೆಗೆದವನಿಗೆ ಯಾರಾದರೂ ಹೀಗೆ ಕೇಳಿದರೆ ಏನು ಹೇಳಬೇಕು? ಕೇಳಿದವರು ನಮ್ಮ ಬೀದಿಯ ಹೊಸ ವಾರ್ಡನ್, ಅಂದರೆ ಬೀದಿಯ ಮೇಲೆ ಒಂದು ಕಣ್ಣಿಡುವವರು. ಹೊಳೆಯುವ ಜಾಕೆಟ್, ಕೊರಳಲ್ಲಿ ಸೀಟಿ, ಕೈಯಲ್ಲಿ ಒಂದು ಫಾರಂ. ಮನೆಯಲ್ಲಿ ಎಷ್ಟು ಜನ, ವಯಸ್ಸಾದವರು ಯಾರು, ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ, ಹೀಗೆ ಕಾಲಂಗಳು. ಏಳನೆಯದು ಮಲಗುವ ಜಾಗ. "ಅದು ನಿಮಗ್ಯಾಕ್ರೀ?" ಅನ್ನುವುದು ನಾಲಿಗೆ ತುದಿಗೆ ಬಂತು. "ತುಂಬಿಟ್ಟಿರ್ತೀನಿ, ಮುಂದಿನ ವಾರ ಬನ್ನಿ" ಎಂದೆ. ನನ್ನ ಧೈರ್ಯ ಅಷ್ಟೇ.

ಅವರು ಹೊಸಬರಾದರೂ ಅವರ ಮೇಲೆ ನನ್ನ ಸಿಟ್ಟು ಹಳೇದು. ಮೊನ್ನೆ ರಾತ್ರಿ ಹನ್ನೊಂದೂವರೆಗೆ, ಬೆಲ್ ಇದ್ದೂ ಕಿಟಕಿ ತಟ್ಟಿ, "ನಿಮ್ಮ ಹೊರಗಿನ ಲೈಟ್ ಉರೀತಿಲ್ಲ" ಎಂದು ಹೇಳಿ ಹೋಗಿದ್ದರು. ಒಳ್ಳೇ ನಿದ್ದೆಯಲ್ಲಿರುವವನಿಗೆ ಹೊರಗೆ ಕತ್ತಲಿದೆ ಅನ್ನುವ ಸುದ್ದಿ ಯಾಕೆ?

ಸಿಟ್ಟು ಇಳಿಯಲಿ ಎಂದು ವಾರ್ಡನ್‌ಗಳ ಬಗ್ಗೆ ಓದಲು ಕೂತೆ. ಇವರಿಂದ ಬೀದಿಗೆ ಏನು ಉಪಯೋಗ ಎಂದು ಗಂಭೀರವಾಗಿ ಬರೆಯುವ ಆಸೆಯೂ ಇತ್ತು. 2000ದಲ್ಲಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಇಂಥವರನ್ನು ಬೀದಿಗಿಳಿಸಿತು. ಯೂನಿಫಾರಂ ಉಂಟು, ಪೊಲೀಸರ ಅಧಿಕಾರ ಇಲ್ಲ. ಕೆಟ್ಟ ಬೀದಿದೀಪ, ಯಾರೋ ಬಿಟ್ಟುಹೋದ ಕಾರು, ಒಂಟಿ ಮುದುಕರು, ಎಲ್ಲದರ ಮೇಲೂ ಒಂದು ಕಣ್ಣು. ಸರಿ, ಒಳ್ಳೇದೇ. ಆದರೆ ಅಲ್ಲಿಂದ ಹಿಂದಕ್ಕೆ ಜಾರಿ ಎರಡನೇ ಮಹಾಯುದ್ಧಕ್ಕೆ ಹೋಗಿ ಬಿದ್ದೆ. ಇನ್ನೂ ಎದ್ದಿಲ್ಲ.

ಬ್ರಿಟನ್ನಿನಲ್ಲಿ ವಿಮಾನದಾಳಿ ವಾರ್ಡನ್‌ಗಳ ಪಡೆ ಶುರುವಾದದ್ದು 1937ರಲ್ಲಿ. ಹೆಚ್ಚಿನವರು ಸಂಬಳವಿಲ್ಲದ ಅಕ್ಕಪಕ್ಕದವರೇ. ಹಗಲು ಅವರವರ ಕೆಲಸ, ರಾತ್ರಿ ತಲೆಗೊಂದು ಉಕ್ಕಿನ ಟೋಪಿ, ಅದರ ಮೇಲೆ ದೊಡ್ಡದಾಗಿ 'ಡಬ್ಲ್ಯು' ಅಕ್ಷರ. ಜರ್ಮನ್ ವಿಮಾನಗಳಿಗೆ ಗುರಿ ಸಿಗದಿರಲಿ ಅಂತ, 1939ರ ಸೆಪ್ಟೆಂಬರ್ 1ರಿಂದ ರಾತ್ರಿ ಮನೆಯ ಬೆಳಕು ಹೊರಗೆ ಕಾಣುವಂತಿಲ್ಲ ಎಂದು ಕಾನೂನಾಯಿತು. ಪರದೆಯ ಸಂದಿಯಲ್ಲಿ ಒಂದು ಗೆರೆ ಕಂಡರೂ ಬೀದಿಯಿಂದ ಕೂಗು: "ಆ ದೀಪ ಆರಿಸ್ರೀ!" ಕೇಳದವರಿಗೆ ದಂಡ. ಆದರೆ ತಿಂಗಳುಗಟ್ಟಲೆ ಲಂಡನ್ ಮೇಲೆ ಬಾಂಬೇ ಬೀಳಲಿಲ್ಲ. ಕತ್ತಲಲ್ಲಿ ವಾಹನಕ್ಕೆ ಸಿಕ್ಕಿ ಸಾಯುವವರು ಮಾತ್ರ ಜಾಸ್ತಿಯಾದರು. ಫುಟ್‌ಪಾತಿನ ಅಂಚಿಗೆ, ಮರಗಳಿಗೆ ಬಿಳಿ ಬಣ್ಣ ಬಳಿಯಬೇಕಾಯಿತು. ಜನ ಆ ವಾರ್ಡನ್‌ಗಳನ್ನು ಹೇಗೆ ಬೈದಿರಬಹುದು ಅಂತ ಊಹಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಖುಷಿಪಟ್ಟೆ. ನಾನಾಗಿದ್ದರೆ ಇನ್ನೂ ಚೆನ್ನಾಗಿ ಬೈಯುತ್ತಿದ್ದೆ.

1940ರ ಸೆಪ್ಟೆಂಬರ್ 7ರಂದು ಲಂಡನ್ ಮೇಲೆ ದೊಡ್ಡ ದಾಳಿ ಶುರುವಾಯಿತು. ಮನೆ ಕುಸಿದು ರಾಶಿಯಾದಾಗ, ಎಲ್ಲಿ ಅಗೆಯಬೇಕು ಎಂದು ರಕ್ಷಣೆಯವರು ಕೇಳುತ್ತಿದ್ದದ್ದು ವಾರ್ಡನ್ನನ್ನು. ಯಾವ ಮನೆಯಲ್ಲಿ ಯಾರು, ಎಲ್ಲಿ ಮಲಗುತ್ತಾರೆ ಅನ್ನುವ ಪಟ್ಟಿ ಅವನ ಹತ್ತಿರ ಇರುತ್ತಿತ್ತು. ಇಲ್ಲಿ ಇಬ್ಬರು. ಅಜ್ಜಿ ಮೆಟ್ಟಿಲ ಕೆಳಗೆ. ಮಕ್ಕಳನ್ನು ಹಳ್ಳಿಗೆ ಕಳಿಸಿದ್ದಾರೆ, ಹುಡುಕಬೇಡಿ.

ಮೇಜಿನ ಮೇಲಿದ್ದ ಫಾರಂ ಕಡೆ ನೋಡಿದೆ. ಸಿಟ್ಟು ಇಳಿಯಿತು ಅಂದುಕೊಂಡಿರಾ? ಇಲ್ಲ. ನಮ್ಮ ಬೀದಿಗೆ ಯಾವ ವಿಮಾನ ಬರುತ್ತಿದೆ ಸ್ವಾಮಿ? ಆದರೂ ಪೆನ್ನು ತೆಗೆದೆ. ತೆಗೆದ ಮೇಲೆ ತಾನೇ ಕಷ್ಟ ಗೊತ್ತಾಗುವುದು. ಲೆಕ್ಕಕ್ಕೆ ನನ್ನ ಜಾಗ ಬೆಡ್‌ರೂಮು. ಸೆಕೆಯಾದರೆ ಹಾಲಿನ ನೆಲ. ಗೊರಕೆ ಜಾಸ್ತಿಯಾದ ರಾತ್ರಿ ಸೋಫಾ, ಅದು ನನ್ನ ತೀರ್ಮಾನವಲ್ಲ. ಮಾತು ಬಿಟ್ಟ ದಿನವೂ ಸೋಫಾನೇ. ಇದನ್ನೆಲ್ಲ ಬೆರಳುದ್ದದ ಗೆರೆಯ ಮೇಲೆ ಬರೆದರೆ ಸಂಸಾರ ಬೀದಿಗೆ ಬಂದಹಾಗೆ, ಅಲ್ವಾ? ಬರೀ 'ಬೆಡ್‌ರೂಮು' ಎಂದು ಬರೆದರೆ, ಆ ದಿನ ಸೋಫಾ ಕಡೆ ಯಾರೂ ಅಗೆಯುವುದಿಲ್ಲ.

ಹೆಂಡತಿಯನ್ನು ಕೇಳಿದೆ.

"ಏನೋ ಒಂದು ಬರೀರಿ, ಅವರಿಗೆ ಗೊತ್ತಿದೆ" ಎಂದಳು. "ಮೊನ್ನೆ ಬೆಲ್ ಬಿಟ್ಟು ಸೀದಾ ಸೋಫಾ ಪಕ್ಕದ ಕಿಟಕೀನೇ ಯಾಕೆ ತಟ್ಟಿದ್ರು ಅಂದ್ಕೊಂಡ್ರಿ?"