ರಜೆ ಹಾಕಲು ಕ್ಷಮೆ ಯಾಕೆ ಕೇಳಬೇಕು?

ಜಪಾನಿಗರಿಗೆ ಕೆಲಸವೇ ಎಲ್ಲ, ರಜೆ ಬೇಕಿಲ್ಲ ಅಂತ ನಮ್ಮಲ್ಲಿ ಸುಮಾರು ಜನ ನಂಬಿದ್ದಾರೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆಯ ಮಾತು ಎತ್ತಿದಾಗಲೂ ಯುದ್ಧದ ನಂತರದ ಜಪಾನ್, ಜರ್ಮನಿಯನ್ನೇ ತೋರಿಸಿದ್ದರು. ಆದರೆ ಅದೇ ಜಪಾನ್ ಈಗ ತನ್ನ ನೌಕರರನ್ನು ಮನೆಗೆ ಕಳಿಸಲು ಕಾನೂನು ಮಾಡಿಕೊಂಡು ಒದ್ದಾಡುತ್ತಿದೆ. ಈ ಭಾಗ ಯಾರೂ ಹೇಳುವುದಿಲ್ಲ.

ಅಲ್ಲಿ ರಜೆಗೇನೂ ಬರವಿಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳಾದರೆ ಸಂಬಳ ಸಹಿತ 10 ದಿನ, ಆರೂವರೆ ವರ್ಷವಾದರೆ 20 ದಿನ. ಜೊತೆಗೆ ವರ್ಷಕ್ಕೆ 16 ಸರ್ಕಾರಿ ರಜೆ ಬೇರೆ. ಆದರೂ ಎಷ್ಟೋ ವರ್ಷ ಜನ ತಮ್ಮ ರಜೆಯಲ್ಲಿ ಅರ್ಧವನ್ನೂ ಹಾಕುತ್ತಿರಲಿಲ್ಲ. ಸಿಕ್ ಲೀವ್ ಪ್ರತ್ಯೇಕವಾಗಿ ಕೊಡಲೇಬೇಕು ಅಂತ ಅಲ್ಲಿ ಕಾನೂನಿಲ್ಲ, ಹಾಗಾಗಿ ನಾಳೆ ಜ್ವರ ಗಿರ ಬಂದರೆ ಇರಲಿ ಅಂತ ಇದ್ದದ್ದನ್ನು ಎತ್ತಿಡುತ್ತಾರೆ. ಅದಕ್ಕಿಂತ ಜಾಸ್ತಿ ಕಾಡುವುದು ಸಂಕೋಚ. ನಾನು ಹೋದರೆ ನನ್ನ ಕೆಲಸ ಪಕ್ಕದವರ ತಲೆ ಮೇಲೆ ಬೀಳುತ್ತದಲ್ಲ ಅಂತ. ಪ್ರವಾಸಕ್ಕೆ ಹೋದವರು ಆ ಊರಿನ ಸಿಹಿತಿಂಡಿಯ ಡಬ್ಬಿ ತರುತ್ತಾರೆ, ಅದರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಹೊದಿಕೆ, ಎಲ್ಲರ ಟೇಬಲ್ ಮೇಲೂ ಒಂದೊಂದು ಇಟ್ಟು ನಿಮಗೆಲ್ಲ ತೊಂದರೆಯಾಯಿತು ಅನ್ನುತ್ತಾರೆ. ತಿಂಡಿ ಹಂಚುವುದು ಚೆಂದವೇ. ತನ್ನದೇ ರಜೆಗೆ ಕ್ಷಮೆ ಯಾಕೆ ಕೇಳಬೇಕು, ನೀವೇ ಹೇಳಿ.

2015ರ ಕ್ರಿಸ್‌ಮಸ್ ದಿನ ಡೆಂಟ್ಸು ಅನ್ನುವ ದೊಡ್ಡ ಜಾಹೀರಾತು ಕಂಪನಿಯ ಮತ್ಸುರಿ ತಕಹಾಶಿ ಜೀವ ಕಳೆದುಕೊಂಡರು. ಆಗಿನ್ನೂ 24 ವರ್ಷ. ತಿಂಗಳಿಗೆ 100 ಗಂಟೆ ಮೀರಿ ಓವರ್‌ಟೈಮ್ ಮಾಡಿದ್ದರು, ಅತಿಯಾದ ಕೆಲಸವೇ ಕಾರಣ ಅಂತ ಸರ್ಕಾರವೇ ಒಪ್ಪಿಕೊಂಡಿತು. ನೌಕರರನ್ನು ಕಾನೂನು ಮೀರಿ ದುಡಿಸಿದ್ದಕ್ಕೆ 2017ರಲ್ಲಿ ಕೋರ್ಟ್ ಆ ಕಂಪನಿಗೆ ಹಾಕಿದ ದಂಡ 5 ಲಕ್ಷ ಯೆನ್. ಅಷ್ಟು ದೊಡ್ಡ ಕಂಪನಿಗೆ ಅದು ಯಾವ ಲೆಕ್ಕ! ಓದಿದಾಗ ಹೊಟ್ಟೆ ಉರಿಯಿತು.

2019ರ ಏಪ್ರಿಲ್‌ನಿಂದ ಹೊಸ ಕಾನೂನು ಬಂತು. 10 ದಿನಕ್ಕಿಂತ ಕಡಿಮೆಯಿಲ್ಲದೆ ರಜೆ ಇರುವ ನೌಕರರಿಂದ ವರ್ಷಕ್ಕೆ ಕನಿಷ್ಠ 5 ದಿನ ರಜೆ ಹಾಕಿಸುವುದು ಕಂಪನಿಯ ಜವಾಬ್ದಾರಿ, ತಪ್ಪಿದರೆ ಒಬ್ಬೊಬ್ಬರ ಲೆಕ್ಕದಲ್ಲಿ 3 ಲಕ್ಷ ಯೆನ್‌ವರೆಗೆ ದಂಡ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಬಾಸ್ ಮುಖ ನೋಡಿ ಹೆದರುವವರಿಗೆ ಧೈರ್ಯ ಮಾಡಿ ಅಂತ ಸುಮ್ನೆ ಉಪದೇಶ ಮಾಡಿದರೆ ಏನೂ ಆಗಲ್ಲ, ಹೊಣೆ ಬಾಸ್ ಮೇಲೇ ಬರಬೇಕು. ಈಗ ಜನ ಮೊದಲಿಗಿಂತ ಹೆಚ್ಚು ರಜೆ ಹಾಕುತ್ತಿದ್ದಾರೆ ಕೂಡ. ಆದರೆ 20ರಲ್ಲಿ 5 ಏನೇನೂ ಸಾಲದು.

ಓವರ್‌ಟೈಮ್ ವಿಷಯದಲ್ಲಂತೂ ಅದೇ ಕಾನೂನು ಕೈಕೊಟ್ಟಿದೆ. ತಿಂಗಳಿಗೆ 45 ಗಂಟೆ ಮಿತಿ ಅಂತ ಹೇಳಿ, ಕೆಲಸ ಹೆಚ್ಚಿರುವ ತಿಂಗಳಲ್ಲಿ 100ರ ಹತ್ತಿರದವರೆಗೂ ಬಿಟ್ಟಿದ್ದಾರೆ. ಕೆಲಸದ ಹೊರೆಯಿಂದ ಸಾವು ಅಂತ ತೀರ್ಮಾನಿಸಲು ಸರ್ಕಾರ ಇಟ್ಟುಕೊಂಡಿರುವ ಗೆರೆಯೂ ಹೆಚ್ಚು ಕಡಿಮೆ ಅಲ್ಲೇ ಇದೆ. ಆ ವಿನಾಯಿತಿಯನ್ನು ಮೊದಲು ಕಿತ್ತು ಹಾಕಬೇಕು.